ಡೈನಮೋಗೆ ಹದಿಮೂರು ಸೌಟು ಎಣ್ಣೆ

ಡೈನಮೋ ಎಂದರೇನು ಎಂದು ಮದುರೆಯ ಕಾಲೇಜಿನಲ್ಲಿ ಮೂರು ಪರೀಕ್ಷೆಗಳಲ್ಲಿ ಬರೆದು ಮೂರರಲ್ಲೂ ಒಳ್ಳೆಯ ಅಂಕ ಪಡೆದವಳು ನಾನು. ಅಯಸ್ಕಾಂತದ ಎರಡು ಧ್ರುವ, ನಡುವೆ ತಿರುಗುವ ತಂತಿಯ ಸುರುಳಿ, ಪಕ್ಕದಲ್ಲಿ ಬಾಣದ ಗುರುತು. ಅದು ಕೈಗೆ ಮಸಿ ಮೆತ್ತುವ ವಸ್ತು ಎಂಬುದು ಗೊತ್ತಾದದ್ದು ಆಮೇಲೆ, ಅರವತ್ತರ ದಶಕದ ಒಂದು ರಜೆಯಲ್ಲಿ, ತಮಿಳುನಾಡಿನ ತೇವಾರಂ ಊರಿನ ನಮ್ಮ ಮನೆಯ ಮುಂದೆ.

ಈ ಕತೆಯನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ನಾನು ಹೇಳುವಾಗಲೆಲ್ಲ ತಪ್ಪು ಅಜ್ಜಿಯದಾಗಿರುತ್ತಿತ್ತು. ಈಚೆಗೆ ಆ ವರ್ಷದ ದಿನಚರಿ ಕೈಗೆ ಸಿಕ್ಕಿತು. ಆಗ ನನಗೆ ಕನ್ನಡ ಬರೆಯಲು ಬರುತ್ತಿರಲಿಲ್ಲ. ಮನೆಯ ಮಾತು ಕನ್ನಡ, ಕಲಿತ ಅಕ್ಷರ ತಮಿಳು. ಆ ಅಕ್ಷರದಲ್ಲಿ ನನ್ನದೇ ಕೈಬರಹದ ಒಂದು ಸಾಲು: ಎಣ್ಣೆ ಬಿಡುವ ಜಾಗ ನಾನು ತೋರಿಸಿದೆ. ಓದಿ ನಾಚಿಕೆಯಾಯಿತು, ನಗುವೂ ಬಂತು. ಅದಕ್ಕೇ ಈ ಸಲ ಸರಿಯಾಗಿ ಬರೆಯಲು ನೋಡುತ್ತಿದ್ದೇನೆ.

ಕಾರು ಚಿಕ್ಕಪ್ಪನದು. ಬೋಡಿ ಊರಿನ ಮೇಲಿನ ಬೆಟ್ಟದ ಏಲಕ್ಕಿ ತೋಟದವರೊಬ್ಬರು ಓಡಿಸಿ ಬಿಟ್ಟದ್ದನ್ನು ಕೊಂಡಿದ್ದರು. ದಿನಾ ಬೆಳಿಗ್ಗೆ ಎತ್ತಿನ ಮೈ ತಿಕ್ಕಿದ ಹಾಗೆ ಅದರ ಮೈ ತಿಕ್ಕುತ್ತಿದ್ದರು. ಮನೆಯ ಹಿರಿಯರಾದ ನನ್ನ ಅಪ್ಪನಿಗೆ ಅದನ್ನು ಕಂಡರಾಗದು. ಬಸ್ಸು ಇರುವಾಗ ಇದೇಕೆ ಎನ್ನುತ್ತಿದ್ದರು.

ಆ ವರ್ಷದ ಆಯುಧಪೂಜೆ ಕಾರಿಗೆ ನಮ್ಮ ಮನೆಯಲ್ಲಿ ಮೊದಲನೆಯದು. ನಮ್ಮಲ್ಲಿ ಒಂದು ವಾಡಿಕೆ. ಪೂಜೆಯ ದಿನ ಗಾಡಿಯ ಅಚ್ಚಿಗೆ, ಬಾವಿಯ ರಾಟೆಗೆ ಮನೆಯ ಪ್ರತಿಯೊಬ್ಬರೂ ತಮ್ಮ ಕೈಯಾರೆ ಹರಳೆಣ್ಣೆ ಬಿಡಬೇಕು. ಆ ಗಾಡಿ ತಂದ ಕಾಳು ತಿಂದವರೆಲ್ಲ ಬಿಡಬೇಕು ಎಂದು ಲೆಕ್ಕ. ಅಜ್ಜಿ ಒಗ್ಗರಣೆ ಸೌಟು ಹಿಡಿದು ಕಾರಿನ ಸುತ್ತ ಎರಡು ಸುತ್ತು ಬಂದರು.

"ಇದುಕ್ಕೆ ಅಚ್ಚೆಲ್ಲೈತೆ? ಓದಿದ ಪುಳ್ಳೆ ನೀನೇ ಹೇಳು ಕಣ್ಣು."

ಓದಿದ ಹುಡುಗಿ ಎಂದರೆ ನಾನೇ, ಬಾನೆಟ್ಟಿನೊಳಗೆ ಬಗ್ಗಿ ನೋಡಿದೆ. ಬೆಲ್ಟಿನ ಪಕ್ಕದಲ್ಲಿ ಉದ್ದನೆಯ ಡಬ್ಬಿಯಂಥದೊಂದು. ಅದರ ಹಿಂದಿನ ಮುಚ್ಚಳದಲ್ಲಿ ಪುಟ್ಟ ತೂತು, ತೂತಿನ ಬಳಿ ಇಂಗ್ಲಿಷಿನಲ್ಲಿ ಆಯಿಲ್ ಎಂದು ಕೊರೆದಿತ್ತು. ಅದೇ ಡೈನಮೋ ಎಂದು ಗುರುತು ಹಿಡಿದು ಹಿಗ್ಗಿದೆ. ಎಷ್ಟು ಆಯಿಲ್ ಎಂದು ಅಲ್ಲಿ ಕೊರೆದಿರಲಿಲ್ಲ, ನಾನೂ ಯೋಚಿಸಲಿಲ್ಲ. ಮನೆಯ ಹನ್ನೊಂದು ಜನ ಸಾಲಾಗಿ ಬಂದು ಒಂದೊಂದು ಸೌಟು ಬಿಟ್ಟೆವು. ಚೊಚ್ಚಲ ಬಸುರಿ ಅಕ್ಕ ಆಗ ದಿಂಡಿಗಲ್ಲಿನ ಆಸ್ಪತ್ರೆಯಲ್ಲಿದ್ದಳು. ಅವಳ ಹೆಸರಿನಲ್ಲಿ ಒಂದು, ಹೊಟ್ಟೆಯೊಳಗಿನ ಕೂಸಿನ ಹೆಸರಿನಲ್ಲಿ ಒಂದು, ಅಜ್ಜಿಯೇ ಬಿಟ್ಟರು.

ಮರುದಿನದಿಂದ ಒಂದು ಸೋಜಿಗ. ಸ್ಟೀರಿಂಗಿನ ಮುಂದಿನ ಫಲಕದಲ್ಲಿ ಕಡಲೆಕಾಳಿನಷ್ಟು ಒಂದು ಕೆಂಪು ದೀಪವಿತ್ತು. ಕೀಲಿ ತಿರುಗಿಸಿದರೆ ಹತ್ತಿಕೊಂಡು, ಕಾರು ಓಡತೊಡಗಿದ ಮೇಲೆ ಆರಿಹೋಗುತ್ತಿತ್ತು. ಪೂಜೆಯಾದ ಮೇಲೆ ಅದು ಆರಲೇ ಇಲ್ಲ. ಅಜ್ಜಿಯ ಮುಖ ಅರಳಿತು.

"ನೋಡ್ರೋ, ಎಲ್ಲಾರೂ ಎಣ್ಣೆ ಬುಟ್ಟ ಮ್ಯಾಲೆ ದೀವಿಗೆ ನಿಂತು ಉರೀತೈತೆ!"

ತನಗೆ ಒಳಗೇ ಅನುಮಾನವಿತ್ತೆಂದು ಚಿಕ್ಕಪ್ಪ ಆಮೇಲೆ ಹೇಳಿದರು. ಆದರೆ ದೀಪ ಆರಬೇಕು ಎಂದು ಅಜ್ಜಿಯ ಎದುರು ಯಾರು ಬಾಯಿ ಬಿಡುತ್ತಾರೆ? ನಮ್ಮ ಮನೆಯಲ್ಲಿ ದೀಪ ಆರಿಸುವುದು ಎನ್ನುವಂತೆಯೇ ಇಲ್ಲ, ತಂಪು ಮಾಡುವುದು ಎನ್ನಬೇಕು.

ನಾಲ್ಕನೆಯ ದಿನ ಕಾರು ಬೋಡಿ ರಸ್ತೆಯಲ್ಲಿ ನಿಂತುಹೋಯಿತು. ಬ್ಯಾಟರಿ ಸತ್ತಿತ್ತು. ಅದನ್ನು ತೇನಿ ಪೇಟೆಗೆ ಹೊತ್ತುಕೊಂಡು ಹೋಗಿ ಚಾರ್ಜು ಹಾಕಿಸಿ ತಂದರೆ ಎರಡು ದಿನ ಓಡಿ ಮತ್ತೆ ನಿಂತಿತು. ಆ ಸಲ ಊರೊಳಗೆ ತಂದದ್ದು ನಮ್ಮ ಎತ್ತುಗಳನ್ನೇ ಕಟ್ಟಿ. ಜಗುಲಿಯ ಮೇಲೆ ಕುಳಿತಿದ್ದ ಅಪ್ಪ ಅಂದಿನಷ್ಟು ಸಂತೋಷವಾಗಿದ್ದುದನ್ನು ನಾನು ಕಂಡಿಲ್ಲ.

"ಏನ್ಲಾ ತಮ್ಮ, ಪೆಟ್ರೋಲ್ ಬುಟ್ಟು ಹುಲ್ಲಿಗೆ ಬಂದ್ಯಾ?"

ಅದೇ ವಾರ ಅಕ್ಕನಿಗೆ ಹೆಣ್ಣು ಮಗು ಹುಟ್ಟಿತು. ತಾಯಿ ಮಗುವನ್ನು ಕರೆತರುವ ದಿನ ಗೊತ್ತಾದಾಗ ಅಪ್ಪ ಕಡ್ಡಿ ಮುರಿದ ಹಾಗೆ ಹೇಳಿದರು: "ಬಾಣಂತೀನ ನಿನ್ನ ವಂಡೀಲೇ ತರಾನ. ಆದ್ರೆ ದಾರೀಲಿ ಎಲ್ಲಾದ್ರೂ ನಿಂತ್ರೆ, ಒಡ್ಡನ್‌ಛತ್ರಂ ತರಕಾರಿ ಮಂಡಿಯವ್ನು ಕೇಳ್ತಾವ್ನೆ, ಅವ್ನಿಗೆ ಕೊಟ್ಟುಬುಡ್ತೀನಿ." ಅಣ್ಣನ ಮಾತಿಗೆ ಎದುರಾಡುವ ಪದ್ಧತಿ ಚಿಕ್ಕಪ್ಪನಿಗೆ ಇರಲಿಲ್ಲ. ಆ ದಿನ ಅವರು ಸರಿಯಾಗಿ ಊಟ ಮಾಡಲಿಲ್ಲ.

ಉಳಿದದ್ದು ಮೂರು ದಿನ. ಚಿಕ್ಕಪ್ಪನ ಜೊತೆ ನಾನೂ ಬಸ್ಸಿನಲ್ಲಿ ತೇನಿಗೆ ಹೋದೆ. ಚಾರ್ಜು ಹಾಕುವ ಅಂಗಡಿಯವನು ಬ್ಯಾಟರಿಯನ್ನು ಪರೀಕ್ಷಿಸಿ, ಇದು ಚೆನ್ನಾಗಿದೆ, ಇದಕ್ಕೆ ಊಟ ಹಾಕುವವರು ಯಾರೋ ಮಲಗಿಬಿಟ್ಟಿದ್ದಾರೆ, ನೋಡಿ ಎಂದು ತಮಿಳಿನಲ್ಲಿ ನಕ್ಕ. ಬಸ್ಸಿನಲ್ಲಿ ಮರಳುವಾಗ, ಬ್ಯಾಟರಿಗೆ ಊಟ ಹಾಕುವುದು ಡೈನಮೋ ಎಂದು ಹೊಳೆದು, ನನ್ನ ಪರೀಕ್ಷೆಯ ಚಿತ್ರ ಕಣ್ಣ ಮುಂದೆ ಬಂತು. ತಿರುಗುವ ಸುರುಳಿಯಿಂದ ಕರೆಂಟು ಹೊರಗೆ ಬರಬೇಕಾದರೆ ತಾಮ್ರದ ಪಟ್ಟಿಗಳ ಮೇಲೆ ಇದ್ದಿಲ ತುಂಡೊಂದು ಒತ್ತಿಕೊಂಡು ಉಜ್ಜಬೇಕು. ಉಜ್ಜುವ ಕಡೆ ಎಣ್ಣೆ ಬಿದ್ದರೆ?

"ಸಿಕ್ಕಪ್ಪಾ, ಆ ತೂತು ಅಚ್ಚಿಗೆ ಮಾತ್ರ. ಎರಡು ತೊಟ್ಟು ಸಾಕಿತ್ತು."

"ನಾವು ಬುಟ್ಟಿದ್ದು?"

"ಹದಿಮೂರು ಸೌಟು."

ಅವರು ಬಸ್ಸಿನವರೆಲ್ಲ ತಿರುಗಿ ನೋಡುವಂತೆ ನಕ್ಕರು. ಹೀಗೆ ನಾನು ಕಂಡುಹಿಡಿದೆ ಎಂದು ನನ್ನ ನೆನಪು. ದಿನಚರಿಯಲ್ಲಿ ಇರುವುದು ಬಸ್ಸಿನಲ್ಲಿ ಎಣ್ಣೆಯ ವಿಷಯ ತಿಳಿಯಿತು, ಚಿಕ್ಕಪ್ಪ ನಕ್ಕರು ಎಂದಷ್ಟೇ. ಮೊದಲು ಹೇಳಿದ್ದು ಅವರೇ ಇರಬಹುದು.

ಮರುದಿನ ಬೆಳಿಗ್ಗೆ ಬೇವಿನ ನೆರಳಿಗೆ ಕಾರು ತಳ್ಳಿ ಡೈನಮೋ ಬಿಚ್ಚಿಟ್ಟೆವು. ಅದರ ಒಂದು ತುದಿಗೆ ಬಳೆಯಂಥ ತಗಡಿನ ಪಟ್ಟಿ ತೊಡಿಸಿತ್ತು. ಅದನ್ನು ಸರಿಸಿದರೆ ಒಳಗೆ ಕಾಡಿಗೆ. ಹರಳೆಣ್ಣೆಯೂ ಇದ್ದಿಲ ಪುಡಿಯೂ ಕಲೆತು ಎಂಥ ಕಾಡಿಗೆಯೆಂದರೆ, ಅಜ್ಜಿ ಬೆರಳಿಗೆ ಹಚ್ಚಿ ನೋಡಿ, "ಕೂಸಿಗೆ ಇಡಬೋದು" ಎಂದರು. ಇದ್ದಿಲ ತುಂಡುಗಳನ್ನು ಹೊರತೆಗೆದು ಒರೆಸಿದೆವು. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಕಡ್ಡಿಗೆ ಸುತ್ತಿ, ಚಿಕ್ಕಪ್ಪ ಕೈಯಿಂದ ತಿರುಗಿಸುತ್ತಿದ್ದಂತೆ ನಾನು ತಾಮ್ರದ ಪಟ್ಟಿಗಳ ಮೇಲೆ ಒತ್ತಿ ಹಿಡಿದೆ. ಎಷ್ಟು ಬಟ್ಟೆ ಹಾಳಾದವೋ. ಕೊನೆಗೆ ನಯವಾದ ಮರಳುಕಾಗದದಿಂದ ಮೆಲ್ಲಗೆ ಉಜ್ಜಿದಾಗ ಮಸಿಯ ಕೆಳಗಿನಿಂದ ತಾಮ್ರ ಹೊಸ ಚೊಂಬಿನ ಹಾಗೆ ಹೊಳೆಯಿತು. ಪುಸ್ತಕದಲ್ಲಿ ಅದು ಕಪ್ಪು ಗೆರೆ. ಇಷ್ಟು ಚೆಲುವಿನದೆಂದು ಯಾರೂ ಹೇಳಿರಲಿಲ್ಲ.

ಮಧ್ಯಾಹ್ನದವರೆಗೂ ಆರಲು ಬಿಟ್ಟು, ಜೋಡಿಸಿ, ಬೆಲ್ಟು ಬಿಗಿದು, ಚಿಕ್ಕಪ್ಪ ಮುಂದುಗಡೆ ಹ್ಯಾಂಡಲ್ ಸಿಕ್ಕಿಸಿ ಹೊಡೆದರು. ನಾನು ಒಳಗೆ ಕುಳಿತು ಕೆಂಪು ದೀಪವನ್ನೇ ನೋಡುತ್ತಿದ್ದೆ. ಇಂಜಿನಿನ ಸದ್ದು ಏರಿದಂತೆ ಅದು ಮಿಣುಕಿತು, ಮಂಕಾಯಿತು, ಇಲ್ಲವಾಯಿತು.

"ಆರ್ತು! ಸಿಕ್ಕಪ್ಪಾ, ಆರ್ತು!"

"ಬಾಯಿ ಮುಚ್ಚೇ! ತಂಪಾಯ್ತು ಅನ್ನು!" ಎಂದು ಅಜ್ಜಿ ಗದರಿದರು. ಡೈನಮೋ ಕೆಲಸ ಮಾಡಿದರೆ ಈ ದೀಪ ತಂಪಾಗುತ್ತದೆ, ತಂಪಾದರೇನೇ ಶುಭ ಎಂದು ಅವರನ್ನು ಒಪ್ಪಿಸಲು ಡೈನಮೋ ಬಿಚ್ಚಿದ್ದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಗೊತ್ತಾದ ದಿನ ಮುಂಜಾನೆ ಅಪ್ಪ, ಚಿಕ್ಕಪ್ಪ, ನಾನು ಹೊರಟೆವು. ದಿಂಡಿಗಲ್ಲಿನವರೆಗೆ ಚಿಕ್ಕಪ್ಪನ ಕಣ್ಣು ಕೆಂಪು ದೀಪದ ಮೇಲೇ ಇತ್ತು. ಹಿಂತಿರುಗುವಾಗ ಹಿಂದಿನ ಸೀಟಿನಲ್ಲಿ ಅಕ್ಕ, ಅವಳ ಮಡಿಲಲ್ಲಿ ಕೂಸು, ಪಕ್ಕದಲ್ಲಿ ನಾನು. ವತ್ತಲಗುಂಡು ಹತ್ತಿರ ಬರುತ್ತಿದ್ದಂತೆ ಅಪ್ಪನಿಗೆ ಕಾಫಿಯ ಆಸೆಯಾಯಿತು.

"ನಿಲ್ಲಿಸೋ, ಒಂದು ಕಾಪಿ ಕುಡಿಯಾನ."

ಚಿಕ್ಕಪ್ಪ ನಿಲ್ಲಿಸಲಿಲ್ಲ. ಕಾಫಿ ಅಂಗಡಿ ಹಿಂದೆ ಹೋಯಿತು.

"ಏಯ್, ಕಿವಿ ಕೇಳಲ್ವಾ?"

"ನಿಂತ್ರೆ ಮಾರ್ತೀನಿ ಅಂದ್ಯಲ್ಲಣ್ಣಾ."

"ತಾನಾಗಿ ನಿಂತ್ರೆ ಅಂದೆ ಕಣೋ!"

"ಹಂಗಂತ ಅವತ್ತು ಹೇಳ್ಲಿಲ್ವೇ."

ಇನ್ನೊಂದು ಅಂಗಡಿಯೂ ಹಿಂದೆ ಸರಿಯಿತು. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಪೆರಿಯಕುಳಂ ಬರುವ ಹೊತ್ತಿಗೆ ಅಪ್ಪ ಸೋತರು.

"ನಿಲ್ಸಪ್ಪಾ, ಮಾರಲ್ಲ. ಮಂಡಿಯವ್ನಿಗೆ ನಾಳೇನೇ ಕಾಗದ ಹಾಕ್ತೀನಿ, ಬೇರೆ ವಂಡಿ ನೋಡ್ಕೋ ಅಂತ. ಸಾಕಾ?"

"ಕೂಸಿನ ಮ್ಯಾಲೆ ಆಣೆ?"

"ಅದುನ್ನ ಯಾಕೋ ಎಳೀತೀಯ! ನಿಲ್ಸು ಮೊದ್ಲು!"

ಕಾರು ನಿಂತಿತು. ಅಪ್ಪ ಒಂದರ ಮೇಲೊಂದು ಎರಡು ಕಾಫಿ ಕುಡಿದರು. ಹ್ಯಾಂಡಲಿನ ಒಂದೇ ಏಟಿಗೆ ಇಂಜಿನು ಹತ್ತಿಕೊಂಡಿತು. ಅಲ್ಲಿಂದ ಮನೆಯವರೆಗೆ ಚಿಕ್ಕಪ್ಪ ಗಂಟಲು ಬಿಟ್ಟು ಹಾಡಿದರೆಂದು ನಾನು ನಂಬಿದ್ದೇನೆ. ಮೊನ್ನೆ ಅಕ್ಕನನ್ನು ಕೇಳಿದೆ.

"ಯಾರೂ ಹಾಡ್ಲಿಲ್ಲ," ಎಂದಳು. "ನನ್ನ ಮಗಳು ಅಳ್ತಿದ್ಲು, ಸಿಕ್ಕಪ್ಪ ಅವಳ ಅಳುವಿಗೆ ಸರಿಯಾಗಿ ಹಾರ್ನ್ ಹೊಡೀತಿದ್ರು. ಅಪ್ಪ ಹೊಡಿ ಹೊಡಿ ಅಂತಿದ್ರು."