ಕೆಂಪು ಅಂಗಿಯವರು ಗೆದ್ದರೂ

ಗೆಳೆಯರೇ, ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನ ಬರಹ, ಅಕ್ಷರ ತಪ್ಪಿದ್ದರೆ ಕ್ಷಮಿಸಿ.

ಗಲ್ಫಿನ ಸಬ್ಹಾನ್ ಲೇಬರ್ ಕ್ಯಾಂಪಿನಲ್ಲಿ ನನಗೋ ರೂಮಿನ ಸದಾನಂದಣ್ಣನಿಗೋ, ಒಬ್ಬರಿಗೇ ಈಗ ರಜೆ, ಇನ್ನೊಬ್ಬರಿಗೆ ಆರು ತಿಂಗಳ ನಂತರ ಎಂದಿದ್ದರು ಸೂಪರ್‌ವೈಸರ್. ನಾನಿನ್ನೂ ನೋಡದ ಮಗಳು ನಡೆಯಲು ಕಲಿಯುವ ಮೊದಲು ಊರು ಸೇರಬೇಕಿತ್ತು. ಅಣ್ಣ ಮೊಬೈಲಿನಲ್ಲಿ ಅಮೆರಿಕದ ಐಸ್ ಹಾಕಿ ಪಂದ್ಯ ನೋಡುವವರು.

"ಇದರಲ್ಲೇ ಬಾಜಿ ಕಟ್ಟುವ ಮಾರಾಯ. ಲೆಕ್ಕ ಅರವತ್ತು ನಿಮಿಷದ್ದು. ಗೆದ್ದವ ಊರಿಗೆ" ಎಂದರು.

ನಾನು ಕೆಂಪು ಅಂಗಿಯವರು ಗೆಲ್ಲುತ್ತಾರೆ ಎಂದೆ. ಅವರು "ಡ್ರಾ" ಎಂದರು. ಈ ಆಟದಲ್ಲಿ ಸಮವಾದರೆ ಹೆಚ್ಚುವರಿ ಆಡಿಸುತ್ತಾರೆ, ಕೊನೆಗೆ ಯಾರಾದರೂ ಗೆದ್ದೇ ಗೆಲ್ಲುತ್ತಾರೆಂದು ಅವರೇ ಕಲಿಸಿದ್ದರಿಂದ ಒಳಗೊಳಗೇ ನಕ್ಕೆ.

ಇವತ್ತು ಬೆಳಿಗ್ಗೆ ಅರವತ್ತು ನಿಮಿಷ ಮುಗಿದಾಗ ಸಮಸಮ. ಹೆಚ್ಚುವರಿ ಆಟದಲ್ಲಿ ಕೆಂಪಿನವರು ಗೋಲು ಹೊಡೆದರು. ನಾನು ಮಂಚದಿಂದ ಹಾರಿದೆ.

"ಕೂತ್ಕೋ ಮಾರಾಯ. ಅರವತ್ತು ನಿಮಿಷಕ್ಕೆ ಡ್ರಾ. ಖಲಾಸ್."

"ಗೆದ್ದದ್ದು ನಮ್ಮವರಲ್ವಾ ಅಣ್ಣ?"

"ಅವರು ಗೆದ್ದದ್ದು. ನೀನಲ್ಲ."

ಮೊಬೈಲಿನಲ್ಲಿ ಕೆಂಪು ಅಂಗಿಯವರು ಇನ್ನೂ ಅಪ್ಪಿಕೊಂಡು ಕುಣಿಯುತ್ತಿದ್ದರು. ನಾನು ಅಂಗಡಿಗೆ ಹೋಗಿ, ಮಗಳಿಗೆಂದು ಕೊಂಡಿದ್ದ, ನಡೆದರೆ ಪೀಂಪೀಂ ಎನ್ನುವ ಚಪ್ಪಲಿ ಹಿಂದೆ ಕೊಟ್ಟು, ಒಂದು ಸೈಜ್ ದೊಡ್ಡದು ತಂದೆ.