ಮತ್ತಿಕೆರೆಯ ಹಳೇ ಬಾಡಿಗೆದಾರ

ಯಲಹಂಕದ ಒಬ್ಬ ಬಿಲ್ಡರ್‌ಗೂ ಫ್ಲ್ಯಾಟ್ ಕೊಂಡವರಿಗೂ ಇದ್ದ ಜಗಳಕ್ಕೆ ನಾನು ಮಧ್ಯಸ್ಥಗಾರ. ಯಾವ ಕಡೆಯವರ ಜೊತೆಗಾದರೂ ಹಳೇ ನಂಟಿದ್ದರೆ ಮೊದಲೇ ಹೇಳಿಬಿಡಬೇಕು, ಅದು ನಿಯಮ. ಬಿಲ್ಡರ್ ಪರ ವಕೀಲರು ಕಾಲೇಜು ಓದುವಾಗ ಮತ್ತಿಕೆರೆಯ ನಮ್ಮ ಮನೆ ಮಹಡಿಯಲ್ಲಿ ಬಾಡಿಗೆಗಿದ್ದರು ಎಂದು ಹೇಳಿ, ಫ್ಲ್ಯಾಟಿನವರ ಮುಖ ನೋಡಿದೆ.

"ನಮಗೇನೂ ಅಭ್ಯಂತರವಿಲ್ಲ" ಎಂದರು.

"ನನಗಿದೆ ಸರ್" ಎಂದು ಆ ವಕೀಲರೇ ಎದ್ದು ನಿಂತರು.

"ನಿಮಗ್ಯಾಕ್ರೀ?"

"ಟ್ಯಾಂಕ್ ತುಂಬಿ ಹರಿದಾಗೆಲ್ಲ ನನ್ನನ್ನೇ ಬೈತಿದ್ರಿ. ಮೋಟರ್ ಹಾಕಿದ್ದು ನಾನಲ್ಲ ಅಂತ ಹೇಳೋಕ್ ಬಂದ್ರೆ ಒಂದ್ಸಲಾನೂ ಪೂರ್ತಿ ಕೇಳ್ತಿರ್ಲಿಲ್ಲ. ಈಗ್ಲೂ ನೀವು..."

"ಅದು ಹಾಗಲ್ಲಪ್ಪಾ" ಎಂದು ನಾನು ನಡುವೆ ಬಾಯಿ ಹಾಕಿದೆ.

ಅವರು ಕೂತರು. ಎಲ್ಲರೂ ನನ್ನನ್ನೇ ನೋಡಿದರು. ಅವತ್ತೇ ಆ ಕೇಸು ಬಿಟ್ಟೆ.

ಮೋಟರ್ ಹಾಕಿದ್ದು ಮಾತ್ರ ಅವನೇ, ಅನುಮಾನವೇ ಬೇಡ.