ವೈನಿಯ ಚಪ್ಪಲಿ ಮತ್ತು ನಾಲ್ಕು ದೇಶದ ರೋಲರ್ ಕೋಸ್ಟರ್‌ಗಳು

ಡಾಕ್ಟರಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ. ಉಪ್ಪು ಎಷ್ಟು, ಎಣ್ಣೆ ಎಷ್ಟು, ಗುಳಿಗೆ ಊಟಕ್ಕೆ ಮೊದಲೋ ಆಮೇಲೋ ಎಂಬುದೆಲ್ಲ ನನಗೆ ಗೊತ್ತಿತ್ತು. ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಇಡೀ ಸೇವಾವಧಿ ಅದನ್ನೇ ಬೇರೆಯವರಿಗೆ ಹೇಳಿದವಳು ನಾನು. ಎದೆಯ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಮಲಗಿದ್ದಾಗ ನನಗೆ ಬೇಕಾಗಿದ್ದ ಉತ್ತರ ಬೇರೆ.

“ಸರ್, ರೋಲರ್ ಕೋಸ್ಟರ್ ಹತ್ತಬಹುದೇನ್ರಿ?”

ಅವರು ಕೇಸ್ ಶೀಟಿನಿಂದ ತಲೆ ಎತ್ತಿ ನಕ್ಕರು. “ಈ ವಯಸ್ಸಿನ್ಯಾಗ ಅದನ್ನ ಯಾರ ಹತ್ತತಾರ, ಸಿಸ್ಟರ್?”

“ನಾನು ಹತ್ತತೀನ್ರಿ.”

ನಗು ನಿಂತಿತು. “ಇನ್ನ ಮ್ಯಾಲೆ ಬ್ಯಾಡ. ನಡೀರಿ, ಎಷ್ಟ ಬೇಕಾದ್ರೂ ನಡೀರಿ. ಅದೊಂದು ಬಿಡ್ರಿ.”

ನಡೆಯುವುದನ್ನು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಲಬುರ್ಗಾ, ಕುಷ್ಟಗಿ, ಗಂಗಾವತಿ, ಕೊನೆಗೆ ಕೊಪ್ಪಳ, ಎಲ್ಲ ಕಡೆಯೂ ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದೇ ನನ್ನ ಸೇವೆ ಮುಗಿದದ್ದು. ಈಗಲೂ ಎದ್ದ ಕೂಡಲೇ ಹಾಸಿಗೆಯ ಮೂಲೆ ಮಡಿಸುತ್ತೇನೆ, ನೀರು ಕಾಯಿಸುತ್ತೇನೆ, ಗುಳಿಗೆ ನುಂಗುತ್ತೇನೆ, ಬೀದಿಗೆ ಬೀಳುತ್ತೇನೆ. ತಿರುಗಿ ಬಂದರೆ ಇಡೀ ದಿನ ಎದುರಿಗೆ ನಿಂತಿರುತ್ತದೆ. ಕುರ್ಚಿಯಲ್ಲಿ ಕೂತರೆ ಕಾಲು ಕುಣಿಯುತ್ತದೆ.

ನಾನು ಮದುವೆಯಾಗಲಿಲ್ಲ. ಅಣ್ಣ ತೀರಿಕೊಂಡ ಮೇಲೆ ಅವನ ಹೆಂಡತಿ, ನನ್ನ ವೈನಿ, ಅಳವಂಡಿಯಲ್ಲಿ ಹೊಲ ನೋಡಿಕೊಂಡು ಇದ್ದರು. ಈಗ ಹೊಲವನ್ನು ಪಾಲಿಗೆ ಕೊಟ್ಟಿದ್ದಾರೆ. ನನ್ನ ನಿವೃತ್ತಿಯ ವರ್ಷ ನಿವೃತ್ತ ನೌಕರರ ಗುಂಪೊಂದು ಸಿಂಗಪುರಕ್ಕೆ ಹೊರಟಾಗ, ಜೊತೆಗೊಬ್ಬರು ಇರಲಿ ಎಂದು ವೈನಿಯನ್ನು ಎಬ್ಬಿಸಿಕೊಂಡು ಹೋದೆ. ನಮ್ಮಿಬ್ಬರ ಈ ಹುಚ್ಚು ಅಲ್ಲಿಂದ ಶುರುವಾಯಿತು.

ಗುಂಪಿನವರೆಲ್ಲ ಅಂಗಡಿ ಬೀದಿಗೆ ಹೋದರು. ಕೊಳ್ಳದೆ ನೋಡುತ್ತ ನಿಲ್ಲುವುದು ನನ್ನಿಂದ ಆಗದು. ನಾವಿಬ್ಬರೇ ಗೈಡ್ ಹೇಳಿದ ರೈಲು ಹಿಡಿದು ಅಲ್ಲಿನ ದೊಡ್ಡ ಥೀಮ್ ಪಾರ್ಕಿಗೆ ಹೋದೆವು. ಗೇಟಿನಲ್ಲೇ ವೈನಿಯ ಚೀಲ ತಡೆದರು. ಖಡಕ್ ರೊಟ್ಟಿಯ ಗಂಟು ಬಿಚ್ಚಿ ನೋಡಿದ ಕಾವಲಿನವನಿಗೆ ಅದು ತಿನ್ನುವ ವಸ್ತು ಅನ್ನಿಸಲಿಲ್ಲವೋ ಏನೋ, ಬೆರಳಿನಿಂದ ತಟ್ಟಿ ಸದ್ದು ಕೇಳಿದ. ಶೇಂಗಾ ಚಟ್ನಿಯ ಡಬ್ಬಿ ಮಾತ್ರ ಅವನಿಗೆ ಸಂಶಯ ತಂದಿತು. ವೈನಿ ಒಂದು ಚಿಟಿಕೆ ತಮ್ಮ ಬಾಯಿಗೆ ಹಾಕಿಕೊಂಡು, ಇನ್ನೊಂದು ಚಿಟಿಕೆ ಅವನ ಅಂಗೈಗೆ ಹಾಕಿದರು. ಅವನು ಸೀನಿ, ಕಣ್ಣೊರೆಸಿಕೊಂಡು, ಡಬ್ಬಿಯನ್ನು ಲಾಕರಿನಲ್ಲಿ ಇಡಿ ಎಂದು ಕೈಸನ್ನೆ ಮಾಡಿದ.

ರೋಲರ್ ಕೋಸ್ಟರ್ ಹತ್ತುವ ಕಟ್ಟೆಗೆ ಬಂದಾಗ ವೈನಿ ಚಪ್ಪಲಿ ಬಿಟ್ಟರು. ಹತ್ತುವ ಮೊದಲು ಬಾಗಿ ಬಂಡಿಯನ್ನು ಮುಟ್ಟಿ ಕೈಯನ್ನು ಕಣ್ಣಿಗೊತ್ತಿಕೊಂಡರು. ರಾಶಿಯ ಕಣಕ್ಕೆ, ಹೂಡಿದ ಬಂಡಿಗೆ, ದೇವರ ಮನೆಗೆ ಎಂದೂ ಚಪ್ಪಲಿಗಾಲಲ್ಲಿ ಹೋದವರಲ್ಲ. ಜೀವ ಒಪ್ಪಿಸುವ ಬಂಡಿಗೆ ಹೇಗೆ ಹೋಗುತ್ತಾರೆ? ನಾನು ತಡೆಯಲಿಲ್ಲ. ಬಂಡಿ ಹತ್ತಿದ ಕಡೆಯೇ ಇಳಿಸುತ್ತದೆ ಎಂದು ನಾವಿಬ್ಬರೂ ತಿಳಿದಿದ್ದೆವು.

ಅದು ಮೇಲೇರಿ ಒಂದು ಗಳಿಗೆ ನಿಂತಂತೆ ಮಾಡಿ ಕೆಳಗೆ ಬಿತ್ತು. ಪಕ್ಕದಲ್ಲಿದ್ದವರು ಅವರವರ ಭಾಷೆಯಲ್ಲಿ ಕಿರುಚಿದರು. ವೈನಿ ಅಳವಂಡಿ ಬಸ್ಸಿನಲ್ಲಿ ಕಂಡಕ್ಟರ್ ಬಸ್ ನಿಲ್ಲಿಸಲು ಕೂಗುವ ಮಾತನ್ನೇ ಕೂಗಿದರು. “ಹೋಲ್ಡಾನ್! ಹೋಲ್ಡಾನ್! ಇಲ್ಲೇ ಇಳಸ್ರೋ ನನ್ನ!” ಮುಂದಿನ ತಿರುವಿನಲ್ಲಿ ನನಗೆ ನಗು ಬಂದು ಉಸಿರು ಸಿಗಲಿಲ್ಲ.

ಇಳಿಸಿದ್ದು ಇನ್ನೊಂದು ಕಡೆ, ಒಂದು ಅಂಗಡಿಯ ಒಳಗೆ. ಥಳಥಳಿಸುವ ನೆಲದ ಮೇಲೆ ವೈನಿ ಬರಿಗಾಲಲ್ಲಿ ನಿಂತರು. ಚಪ್ಪಲಿ ಹತ್ತುವ ಕಟ್ಟೆಯಲ್ಲೇ ಉಳಿದಿತ್ತು. ಇಡೀ ಸಾಲನ್ನು ಮತ್ತೆ ಸುತ್ತಿ ಹೋಗಿ ತಂದೆವು. ಸೆರಗು ಸರಿಮಾಡಿಕೊಂಡು ವೈನಿ ಹೇಳಿದ್ದು ಇಷ್ಟೇ: “ಇಲ್ಲಿತನಕ ಬಂದೀವಿ. ಇನ್ನೊಂದ ಸಲ ಹತ್ತೋಣ, ಬಾ.”

ಅಲ್ಲಿಂದ ಮುಂದೆ ಪಾಲಿನ ಶೇಂಗಾ ಛಲೋ ಬಂದ ವರ್ಷ ಅವರ ಖರ್ಚು, ಬಾರದ ವರ್ಷ ನನ್ನ ಪೆನ್ಷನ್. ಹೊರಡುವ ಮುಂಚೆ ಹುಲಿಗಿಯ ಗುಡಿಗೆ ಹೋಗಿ ಅಮ್ಮನಿಗೆ ಕಾಯಿ ಒಡೆಸುವುದು ವೈನಿಯ ಕೆಲಸ, ಪಾಸ್‌ಪೋರ್ಟು ಗುಳಿಗೆ ಜೋಡಿಸುವುದು ನನ್ನದು. ದುಬೈಗೆ ಹೋದೆವು. ಅಲ್ಲಿ ಇಡೀ ಪಾರ್ಕು ಒಂದೇ ಸೂರಿನ ಕೆಳಗೆ, ಆಪರೇಷನ್ ಥಿಯೇಟರಿನ ಹಾಗೆ ಚಳಿ. ಶುಚಿತನಕ್ಕೆ ಪೂರ್ತಿ ಅಂಕ ಕೊಟ್ಟೆ, ಆದರೆ ಆಕಾಶ ಕಾಣದೆ ಎತ್ತರಕ್ಕೆ ಏರುವುದರಲ್ಲಿ ಏನು ಸುಖ? ವೈನಿಗೆ ಅದು ಜಾತ್ರೆಯನ್ನು ಗೋದಾಮಿನಲ್ಲಿ ಇಟ್ಟಂತೆ ಕಂಡಿತು.

ವೈನಿಯ ಮೆಚ್ಚಿನದು ಡೆನ್ಮಾರ್ಕಿನದು. ರಾಜಧಾನಿಯ ನಡುವೆ ಹಳೆಯದೊಂದು ಉದ್ಯಾನ; ಹೂವು, ದೀಪ, ಕಿನ್ನಾಳದ ಗೊಂಬೆಗಳ ಹಾಗೆ ಬಣ್ಣ ಬಳಿದ ಮರದ ಕುದುರೆಗಳು. ಅಲ್ಲಿನ ರೋಲರ್ ಕೋಸ್ಟರ್ ಮರದ್ದು, ಬಂಡಿಯ ನಡುವೆ ಬ್ರೇಕ್ ಹಿಡಿಯಲು ಒಬ್ಬ ಮನುಷ್ಯನೇ ಕೂತಿರುತ್ತಾನೆ. ಅವನನ್ನು ಕಂಡದ್ದೇ ವೈನಿ ಹಾಯಾಗಿ ಒರಗಿದರು. “ಡ್ರೈವರ್ ಅದಾನ. ಇನ್ನ ನನಗೇನ ಚಿಂತಿ?” ಕೆಳಗೆ ಬೀಳುವಾಗಲೂ ಕೂಗಲಿಲ್ಲ. ಇಳಿದ ಮೇಲೆ ಅವನಿಗೆ ರೊಟ್ಟಿ ಕೊಡಲು ಹೋದರು. ಅವನು ಮುರಿದು ತಿಂದ. ಇವತ್ತಿಗೂ ಯಾವ ಪಾರ್ಕಿನ ಮಾತು ಬಂದರೂ ಅವರು ಕೇಳುವುದು, ಅಲ್ಲಿ ಬ್ರೇಕ್ ಹಿಡಿಯುವವನು ಇದ್ದಾನೋ ಇಲ್ಲವೋ ಎಂದು.

ನನ್ನ ಮೆಚ್ಚಿನದು ಹಾಂಗ್‌ಕಾಂಗಿನದು. ಗುಡ್ಡದ ಅಂಚಿನಲ್ಲಿ ಹಳಿ, ಕೆಳಗೆ ಸಮುದ್ರ. ತಿರುವಿನಲ್ಲಿ ಬಂಡಿ ಹೊರಳಿದಾಗ ಕಾಲ ಕೆಳಗೆ ನೆಲವಿಲ್ಲ, ನೀರು ಮಾತ್ರ. ಬದುಕೆಲ್ಲ ಡ್ಯೂಟಿ ಬದಲಾಗುವ ಹೊತ್ತಿಗೆ ಕೈಗಡಿಯಾರ ನೋಡಿದವಳು ನಾನು. ಆ ತಿರುವಿನಲ್ಲಿ ನನ್ನ ಕೈಯಲ್ಲಿ ಗಡಿಯಾರ ಇದೆ ಎಂಬುದೇ ಮರೆತುಹೋಯಿತು. ನನ್ನ ಒಳಗಿನ ಚಡಪಡಿಕೆಗಿಂತ ಹೆಚ್ಚು ವೇಗವಾಗಿ ಓಡುವ ವಸ್ತು ಸಿಕ್ಕಾಗಲೇ ನಾನು ಸುಮ್ಮನಾಗುವುದು. ಇದನ್ನು ಡಾಕ್ಟರಿಗೆ ಹೇಗೆ ಹೇಳಲಿ?

ಅದೇ ಕಟ್ಟೆಯಲ್ಲಿ ಇನ್ನೊಂದು ಘಟನೆಯೂ ನಡೆಯಿತು. ನಮ್ಮ ಗುಂಪಿನ ನಿವೃತ್ತ ಅಧಿಕಾರಿಯೊಬ್ಬರು ಮುಂದಿನ ಸಾಲಿನಲ್ಲಿ ಕೂತುಬಿಟ್ಟಿದ್ದರು. ಅವರ ಎದೆಯ ಆಪರೇಷನ್ ಆಗಿದ್ದು ನನಗೆ ಗೊತ್ತಿತ್ತು. ಬೆಳಗಿನ ತಿಂಡಿಯ ಮೇಜಿನಲ್ಲಿ ಅವರ ಗುಳಿಗೆಗಳನ್ನು ನೋಡಿದ್ದೆ. ಹೃದಯದ ಕಾಯಿಲೆಯವರು ಹತ್ತಬಾರದು ಎಂದು ಬೋರ್ಡಿನಲ್ಲಿ ಚಿತ್ರಸಹಿತ ಬರೆದಿತ್ತು.

“ಸಾಹೇಬ್ರ, ಇಳೀರಿ.”

“ಏನೂ ಆಗಂಗಿಲ್ಲ ಬಿಡ್ರಿ ಸಿಸ್ಟರ್. ಯಾರಿಗೆ ಗೊತ್ತಾಗತೈತಿ?”

“ನನಗ ಗೊತ್ತಾಗೇತಿ. ಇಳೀರಿ.”

ಇಳಿದರು. ಪ್ರವಾಸ ಮುಗಿಯುವವರೆಗೆ ನನ್ನೊಡನೆ ಮಾತಾಡಲಿಲ್ಲ.

ಉಳಿದದ್ದು ಜಪಾನು. ಅಲ್ಲಿ ಬಂಡಿ ಹೊರಡುವಾಗ ಕೆಲಸದವರು ಸಾಲಾಗಿ ನಿಂತು ಕೈಬೀಸುತ್ತಾರಂತೆ, ಜನ ಸಾಲಿನಲ್ಲಿ ಒಬ್ಬರನ್ನೊಬ್ಬರು ತಳ್ಳುವುದಿಲ್ಲವಂತೆ. ಹೆಸರು ಬರೆಸಿದ್ದೆವು. ಅಷ್ಟರಲ್ಲಿ ನನ್ನ ಎದೆ ಹಿಡಿಯಿತು. ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಪ್ರವಾಸದ ಕಚೇರಿಯ ಹುಡುಗಿ ಫೋನ್ ಮಾಡಿ, ಬರುತ್ತೀರೋ ಇಲ್ಲವೋ ಈ ವಾರದೊಳಗೆ ಹೇಳಿ ಎಂದಳು. ವೈನಿ ಈ ಫೋನಿನ ಸುದ್ದಿ ಕೇಳಿ ಬೆಳಗಿನ ಬಸ್ಸಿಗೆ ಕೊಪ್ಪಳಕ್ಕೆ ಬಂದಿಳಿದರು.

“ನೀ ಹತ್ತಂಗಿಲ್ಲ ಅಂದ್ರ ನಾ ಅಲ್ಲಿಮಟ ಹೋಗಿ ಏನ ಮಾಡ್ಲಿ? ಬ್ಯಾಡ ಅನ್ನು ಆಕಿಗೆ.”

“ನೀವು ಹತ್ರಿ, ವೈನಿ. ನಾ ಕೆಳಗ ನಿಂದರತೀನಿ.”

“ನೀ ನಿಂದರತಿ?” ವೈನಿ ಸೊಂಟದ ಮೇಲೆ ಕೈಯಿಟ್ಟರು. “ಕುಕ್ಕರ್ ಸೀಟಿ ಹೊಡಿಯೋತನಕ ನಿನಗ ನಿಂದ್ರಾಕ ಆಗಂಗಿಲ್ಲ. ಮಂದಿ ಹತ್ತೋದು ನೋಡಕೋತ ನಿಂದರತಿ? ಕಳ್ಳತನಲೆ ಹತ್ತಿಬಿಡತಿ ನೀ. ಅವಾಗ ಆ ಸಾಹೇಬ್ರನ್ನ ನೀ ಇಳಿಸಿದಿ. ಜಪಾನದಾಗ ನಿನ್ನ ಯಾರ ಇಳಸ್ತಾರ?”

“ನಾನೇ ಇಳೀತೀನಿ.”

“ನೋಡೂಣು ಹಂಗಾರ.”

ನೋಡುವುದಕ್ಕೆ ದೂರ ಹೋಗಬೇಕಾಗಿರಲಿಲ್ಲ. ಗಂಗಾವತಿ ಕಡೆಯ ರಸ್ತೆಯಲ್ಲಿ, ಮೆಕ್ಕೆಜೋಳದ ಹೊಲಗಳ ನಡುವೆ ಹೊಸದಾಗಿ ಒಂದು ಪಾರ್ಕು ಎದ್ದಿದೆ. ನೀರಿನ ಜಾರುಬಂಡಿ, ತಿರುಗುವ ಕಪ್ಪುಗಳು, ಮೂಲೆಯಲ್ಲಿ ಡ್ರ್ಯಾಗನ್ ಮುಖದ ಸಣ್ಣ ರೋಲರ್ ಕೋಸ್ಟರ್. ನಾನು ಅಲ್ಲಿ ಕೆಳಗೆ ನಿಲ್ಲಬಲ್ಲೆನಾದರೆ, ವೈನಿ ಒಬ್ಬರೇ ಹತ್ತಬಲ್ಲರಾದರೆ, ಜಪಾನಿಗೆ ಹೂಂ ಅನ್ನುವುದು. ಇಲ್ಲವಾದರೆ ನಮ್ಮ ತಿರುಗಾಟ ಇಲ್ಲಿಗೆ ಮುಗಿಯಿತು. ಹಾಗೆಂದು ಮಾತಾಡಿಕೊಂಡೇ ಬಸ್ ಹತ್ತಿದೆವು.

ಕೋಸ್ಟರ್ ನಡೆಸುವವನು ದಪ್ಪ ಮೀಸೆಯ, ನಡುವಯಸ್ಸಿನ ಮನುಷ್ಯ. ನನ್ನನ್ನು ಕಂಡವನೇ ಕೈಮುಗಿದ. “ಸಿಸ್ಟರ್! ಗುರುತು ಹತ್ತಲಿಲ್ರಿ? ಕುಷ್ಟಗಿ ದವಾಖಾನ್ಯಾಗ ನಾಯಿ ಕಡದಿದ್ದಕ್ಕ ನನಗ ಸೂಜಿ ಮಾಡಿದ್ರಿ. ಓಡಿ ಹೋಗಿದ್ನಿ, ಬೆನ್ನ ಹತ್ತಿ ಹಿಡದು ಮಾಡಿದ್ರಿ.”

“ಎಲ್ಲಾ ಡೋಸ್ ಮುಗಿಸಿದ್ದೋ ಇಲ್ಲೋ?”

“ನೀವು ಬಿಡಬೇಕಲ್ರಿ! ಬರ್ರಿ, ಹತ್ರಿ. ನಿಮಗ ಟಿಕೀಟ ಕೇಳಿದ್ರ ನನ್ನ ಕೈ ಉಳಿಯಂಗಿಲ್ಲ.”

ಅವನ ಬೆನ್ನ ಹಿಂದೆ ಬೋರ್ಡಿತ್ತು. ಹೃದಯದ ತೊಂದರೆ ಇರುವವರು, ಗರ್ಭಿಣಿಯರು, ಬೆನ್ನುನೋವಿನವರು ಹತ್ತುವಂತಿಲ್ಲ.

“ಆ ಬೋರ್ಡು ಯಾರಿಗಪ?”

“ಅದು ಹೊರಗಿನ ಮಂದಿಗ್ರಿ. ನೀವು ನಮ್ಮವ್ರು.”

ವೈನಿ ಆಗಲೇ ಚಪ್ಪಲಿ ಬಿಟ್ಟು, ಬಂಡಿಗೆ ಕೈಮುಗಿದು ಮುಂದಿನ ಸೀಟಿನಲ್ಲಿ ಕೂತಿದ್ದರು. ಪಕ್ಕದ ಸೀಟು ಖಾಲಿ. ಅವರು ಕರೆಯಲಿಲ್ಲ, ನೋಡುತ್ತಿದ್ದರು. ಹಳಿಯನ್ನು ನಾನು ಕಣ್ಣಲ್ಲೇ ಅಳೆದೆ. ಎಷ್ಟು ಎತ್ತರ? ನಮ್ಮೂರಿನ ನೀರಿನ ಟ್ಯಾಂಕಿನಷ್ಟೂ ಇಲ್ಲ. ನಾಲಗೆಯ ಕೆಳಗೆ ಇಡುವ ಗುಳಿಗೆ ಪರ್ಸಿನಲ್ಲಿದೆ. ಡಾಕ್ಟರು ಬೇಡ ಎಂದದ್ದು ದೊಡ್ಡ ರೋಲರ್ ಕೋಸ್ಟರನ್ನು ಮನಸ್ಸಿನಲ್ಲಿಟ್ಟುಕೊಂಡು ಇರಬೇಕು. ಯಾರಿಗೆ ಗೊತ್ತಾಗುತ್ತದೆ? ನನ್ನ ಬಲಗಾಲು ಮೆಟ್ಟಿಲ ಮೇಲಿತ್ತು. ಆ ಸಾಹೇಬರು ಕೂತ ಭಂಗಿ ನೆನಪಾಯಿತು. ಅವರೂ ಹೀಗೆಯೇ ಲೆಕ್ಕ ಹಾಕಿದ್ದರು.

ಕಾಲು ಹಿಂದಕ್ಕೆ ತೆಗೆದುಕೊಂಡೆ. ಅದು ಬರಲು ಒಪ್ಪಲಿಲ್ಲ, ಎಳೆದುಕೊಳ್ಳಬೇಕಾಯಿತು.

“ನಾ ಹೃದಯದ ಪೇಷಂಟ್ ಅದೀನಪ. ಹತ್ತಂಗಿಲ್ಲ.”

ಮೀಸೆಯವನ ಮುಖ ಇಳಿಯಿತು. ನಾನು ವೈನಿಯ ಮೊಣಕಾಲ ಮೇಲಿನ ಸರಳನ್ನು ಎಳೆದು ನೋಡಿದೆ. ಇನ್ನೊಮ್ಮೆ ಎಳೆದೆ. ವೈನಿ ಖಾಲಿ ಸೀಟನ್ನು ನೋಡಿದರು, ನನ್ನನ್ನು ನೋಡಿದರು, ಸರಳನ್ನು ಮೇಲಕ್ಕೆ ತಳ್ಳುತ್ತ ಇಳಿಯಲು ನೋಡಿದರು.

“ಕೂಡ್ರಿ,” ಎಂದೆ. ವಾರ್ಡಿನ ದನಿಯೇ ಬಂತು.

“ಬ್ರೇಕ್ ಹಿಡಿಯಾಂವ ಇಲ್ಲಲ್ಲಬೇ ಇದರಾಗ...”

“ಇವ ಅದಾನ. ನಾ ಇವನ ಮಗ್ಗಲಕ್ಕ ಅದೀನಿ. ಕೂಡ್ರಿ.”

ಕೂತರು. ಸರಳನ್ನು ಮೂರನೆಯ ಸಲ ನೋಡಿ, ಹಿಂದೆ ಸರಿದು ನಾನೇ ಹೇಳಿದೆ: “ರೈಟ್!”

ಬಂಡಿ ಹೊರಟಿತು. ನನ್ನ ಕೈಗೆ ಏನಾದರೂ ಬೇಕಿತ್ತು. ವೈನಿಯ ಚಪ್ಪಲಿ ಎತ್ತಿಕೊಂಡೆ. ಡ್ರ್ಯಾಗನ್ನಿನ ಮುಖ ಏರು ಹತ್ತಿ ತುದಿಗೆ ಬಂದಾಗ ನಾನು ತುದಿಗಾಲಲ್ಲಿ ನಿಂತೆ, ಕೆಳಗೆ ಬಿದ್ದಾಗ ನಾನೂ ಬಾಗಿದೆ. ನೋಡುವವರಿಗೂ ಇಷ್ಟು ಕೆಲಸವಿದೆ ಎಂದು ನನಗೆ ಗೊತ್ತಿರಲಿಲ್ಲ. ಆದರೆ ಗಾಳಿ ಇರಲಿಲ್ಲ. ಅದು ಮೇಲಿನವರಿಗೆ ಮಾತ್ರ. ಹೊಲದ ಮೇಲಿಂದ ದನಿ ಕೇಳಿಸಿತು. “ಹೋಲ್ಡಾನ್! ಏ, ಹೋಲ್ಡಾನ್!” ಮೀಸೆಯವನು ಗಾಬರಿಯಾಗಿ ಕೈಯನ್ನು ಗುಂಡಿಯ ಕಡೆ ಒಯ್ದ.

“ನಿಲ್ಲಸಬ್ಯಾಡ,” ಎಂದೆ. “ಅವರು ಹಂಗ ಒದರತಾರ. ಖುಷಿಲೆ ಅದಾರ.”

ಆಟ ಮುಗಿದಾಗ ನಾನಿನ್ನೂ ಹತ್ತುವ ಕಡೆಯೇ ನಿಂತಿದ್ದೆ. ಇಳಿಸುವ ದಾರಿ ಬೇಲಿಯ ಆಚೆ, ಕಾದ ಜಲ್ಲಿಯ ಮೇಲೆ. ವೈನಿ ಅಲ್ಲಿ ಒಂದು ಕಾಲು ಬಿಟ್ಟು ಇನ್ನೊಂದು ಕಾಲಲ್ಲಿ ಕುಣಿಯುತ್ತಿದ್ದರು.

“ಸಿಸ್ಟರವ್ವಾ! ಚಪ್ಪಲಿ ಎದಿಗೆ ಅವಚಿಕೊಂಡು ಅಲ್ಲಿ ಏನ ಮಾಡಾಕತ್ತಿ? ಕಾಲು ಸುಡತಾವು, ಈ ಕಡೆ ತಾ!”

ಬೇಲಿ ಸುತ್ತಿಕೊಂಡು ಹೋಗಿ ಕಾಲ ಮುಂದೆ ಇಟ್ಟೆ. ಮೆಟ್ಟಿಕೊಂಡು ಅವರು ನನ್ನ ಮುಖ ನೋಡಿದರು.

“ಹೆಂಗಿತ್ರಿ?” ನಾನೇ ಕೇಳಿದೆ.

“ಸಣ್ಣದೈತಿ. ಲಗೂ ಮುಗೀತು. ಮಗ್ಗಲಕ್ಕ ನಗೋರು ಇರಲಿಲ್ಲ.” ಸೆರಗು ಸೊಂಟಕ್ಕೆ ಸಿಕ್ಕಿಸಿ, “ಇನ್ನೊಂದ ಸಲ ಹತ್ತತೀನಿ. ಈ ಸಲ ನೀ ಲಗೂ ಬಾ ಈ ಕಡಿಗೆ.”

ಈ ಸಲ ರೈಟ್ ಅಂದವಳೇ ಚಪ್ಪಲಿ ಎತ್ತಿಕೊಂಡು ಹೊರಟೆ. ಬೇಲಿಯ ತುದಿಯಲ್ಲಿ ಫೋನ್ ಬಂತು, ಪ್ರವಾಸದ ಹುಡುಗಿ. ನಡೆಯುತ್ತಲೇ ಮಾತಾಡಿದೆ.

“ಮೇಡಂ, ಜಪಾನಿಗೆ ಒಬ್ಬರಾ, ಇಬ್ಬರಾ? ಅಥವಾ ಎರಡೂ ರದ್ದು ಮಾಡಲಾ?”

“ಇಬ್ಬರೂ ಬರ್ತೀವಿ. ಅಲ್ಲಿ ಹತ್ತುವ ಕಡೆಯಿಂದ ಇಳಿಯುವ ಕಡೆಗೆ ಎಷ್ಟು ದೂರ ನಡೀಬೇಕು, ಕೇಳಿ ಹೇಳಮ್ಮ.”

ಅವಳು ಏನೋ ಹೇಳುತ್ತಿದ್ದಳು. ಫೋನನ್ನು ಚೀಲಕ್ಕೆ ಹಾಕಿ ಹೆಜ್ಜೆ ಬೀಸಿದೆ. ಜಲ್ಲಿಯ ಮೇಲೆ ಚಪ್ಪಲಿಯನ್ನು ಜೋಡಿಸಿ, ತುದಿ ಹೊರಕ್ಕೆ ಮುಖ ಮಾಡಿ ಇಟ್ಟೆ. ನಾಡಿ ಹಿಡಿದು ನೋಡಿದೆ. ವೇಗವಾಗಿತ್ತು, ಆದರೆ ಸರಿಯಾಗಿತ್ತು. ತಲೆ ಎತ್ತಿದರೆ ಬಂಡಿ ಇನ್ನೂ ಮೇಲಿತ್ತು.